ಕಾದಂಬರಿ ಓದಿ ಮುಗಿಸಿದವರ ಕೂಟ

ಸಾರ್ವಜನಿಕ ಗ್ರಂಥಾಲಯದಿಂದ ಹಳೆಯ ಕಾದಂಬರಿಯೊಂದನ್ನು ಎರವಲು ತಂದವರಿಗೆ ಅದರ ಕೊನೆಯ ಪುಟದ ವಿಷಯ ಹೇಳಬೇಕಾಗಿಲ್ಲ. ಕಥೆ ಮುಗಿದ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ‘ತುಂಬಾ ಚೆನ್ನಾಗಿದೆ, ಎಲ್ಲರೂ ಓದಲೇಬೇಕು’ ಎಂದಿರುತ್ತದೆ. ಅದರ ಕೆಳಗೆ ನೀಲಿ ಶಾಯಿಯಲ್ಲಿ, ‘ಏನ್ ಚೆನ್ನಾಗಿದೆ? ಟೈಮ್ ವೇಸ್ಟ್’. ಮೂರನೆಯವರೊಬ್ಬರು ಇಬ್ಬರ ಮೇಲೂ ಸಿಟ್ಟಾಗಿ, ‘ದಯವಿಟ್ಟು ಪುಸ್ತಕದ ಮೇಲೆ ಬರೆಯಬೇಡಿ’ ಎಂದು ಪುಸ್ತಕದ ಮೇಲೇ ಬರೆದಿರುತ್ತಾರೆ. ಪತ್ತೇದಾರಿ ಕಾದಂಬರಿಯಾದರೆ ಇನ್ನೂ ಕಷ್ಟ. ಎರಡನೇ ಪುಟದಲ್ಲೇ ಯಾರೋ ಪುಣ್ಯಾತ್ಮರು ಕೊಲೆಗಾರನ ಹೆಸರಿಗೆ ಗೆರೆ ಎಳೆದು ಹೋಗಿರುತ್ತಾರೆ.

ಗ್ರಂಥಪಾಲಕರಿಗೆ ಇದು ತಲೆನೋವು. ಆದರೂ ಈ ಗೀಚು ಬರಹವನ್ನು ಕಂಡರೆ ನನಗೆ ಮುನಿಸಿಗಿಂತ ಕುತೂಹಲವೇ ಹೆಚ್ಚು. ಕಾದಂಬರಿ ಓದಿ ಮುಗಿಸಿದವರಿಗೆ ಅದರ ಬಗ್ಗೆ ಯಾರ ಹತ್ತಿರವಾದರೂ ಮಾತಾಡಲೇಬೇಕು ಅನ್ನಿಸುತ್ತದೆ. ಕೇಳುವವರು ಸಿಗದಿದ್ದಾಗ ಕೊನೆಯ ಪುಟಕ್ಕೆ ಹೇಳಿ ಹೋಗುತ್ತಾರೆ. ಕೇಳುವವರನ್ನೇ ಹುಡುಕಿಕೊಂಡು ತಿಂಗಳಿಗೊಮ್ಮೆ ಒಂದೆಡೆ ಕೂರುವವರೂ ಇದ್ದಾರೆ. ಬಳಗ, ಕೂಟ, ಓದುಗರ ವೇದಿಕೆ ಎಂದು ಊರಿಗೊಂದು ಹೆಸರು. ನೋಂದಣಿಯಿಲ್ಲ, ಅಧ್ಯಕ್ಷರಿಲ್ಲ, ಬ್ಯಾಂಕ್ ಖಾತೆಯಂತೂ ಇಲ್ಲವೇ ಇಲ್ಲ. ಆದರೂ ವರ್ಷಗಟ್ಟಲೆ ನಡೆಯುತ್ತವೆ.

ಮೈಸೂರಿನ ಬಡಾವಣೆಯೊಂದರ ಇಂಥ ಕೂಟಕ್ಕೆ ನಾನು ಆಗಾಗ ಹೋಗುತ್ತೇನೆ. ಭಾನುವಾರ ಸಂಜೆ ಯಾರದಾದರೂ ಮನೆಯ ಮಹಡಿ, ಜಮಖಾನ, ನಡುವೆ ಚುರುಮುರಿಯ ಪಾತ್ರೆ. ಇಲ್ಲಿಯ ಕಟ್ಟುಪಾಡು ಎರಡೇ. ಪುಸ್ತಕ ಮುಗಿಸದವರು ಬರಬಹುದು, ಚುರುಮುರಿ ತಿನ್ನಬಹುದು, ಆದರೆ ಅಭಿಪ್ರಾಯ ಹೇಳುವಂತಿಲ್ಲ. ‘ಚೆನ್ನಾಗಿದೆ’, ‘ಬೋರು’ ಎಂದವರು ಎಲ್ಲಿ ಎಂದು ಪುಟ ತೆರೆದು ತೋರಿಸಬೇಕು. ಎರಡನೆಯದು ಕೇಳಲು ಸುಲಭ. ತೋರಿಸಿ ಎಂದ ತಕ್ಷಣ ಮುಕ್ಕಾಲು ಪಾಲು ಅಭಿಪ್ರಾಯಗಳು ನೀರಿಳಿಯುತ್ತವೆ. ಅಷ್ಟು ಹೊತ್ತು ಕಾದಂಬರಿಯ ಭಾಷೆ ಸರಿಯಿಲ್ಲ ಎಂದು ಗುಡುಗಿದವರು ಪುಟ ತಿರುವುತ್ತಾ ತಿರುವುತ್ತಾ ಮೆತ್ತಗಾಗಿ, ‘ಭಾಷೆ ಅಲ್ಲ, ನಡುವಿನ ಎರಡು ಅಧ್ಯಾಯ ಉದ್ದ ಆಯ್ತು ಅಷ್ಟೆ’ ಎಂದು ಒಪ್ಪಿಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆಗ ಸಿಗುವುದೇ ನಿಜವಾದ ಅಭಿಪ್ರಾಯ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಹಿಡಿದಾಗ ಮೂರು ತಿಂಗಳು ಬೇಕಾಯಿತು. 1967ರ ಈ ಕಾದಂಬರಿಯನ್ನು ಅರ್ಧಕ್ಕೇ ಬಿಟ್ಟವರು ನಾಡಿನ ತುಂಬ ಇದ್ದಾರೆ. ಬಿಡಲು ಮುಖ್ಯ ಕಾರಣ ಹೆಸರುಗಳು. ಹಳೆಮನೆ, ಸಿಂಬಾವಿ, ಬೆಟ್ಟಳ್ಳಿ, ಹೂವಳ್ಳಿ, ಕೋಣೂರು ಎಂದು ಮನೆಗಳ ಮೇಲೆ ಮನೆಗಳು, ಪ್ರತಿ ಮನೆಯಲ್ಲೂ ಒಡೆಯರು, ಆಳುಗಳು, ಅವರ ನೆಂಟರು. ಕೂಟದ ಗೃಹಿಣಿಯೊಬ್ಬರು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮನೆಗೊಂದು ಚೌಕ ಹಾಕಿ, ಯಾರು ಎಲ್ಲಿಯವರು ಎಂದು ಬರೆದು ಗೋಡೆಗೆ ಅಂಟಿಸಿದರು. ಬೆಟ್ಟಳ್ಳಿಯ ತಿಮ್ಮಿಯನ್ನು ಹಾರಿಸಿಕೊಂಡು ಹೊರಟ ಸಿಂಬಾವಿಯ ಗುತ್ತಿಯ ದಾರಿಗೆ ಕೆಂಪು ಬಾಣದ ಗುರುತು. ಆಮೇಲೆ ಯಾರೂ ಪುಸ್ತಕ ಬಿಡಲಿಲ್ಲ.

ಕೊನೆಯ ಭಾನುವಾರ ಜಗಳ ಬಂದದ್ದು ಗುತ್ತಿಯ ನಾಯಿ ಹುಲಿಯನ ಬಗ್ಗೆ. ತುಂಬಿ ಹರಿಯುವ ಹೊಳೆಯಲ್ಲಿ ಅದು ಕೊಚ್ಚಿಹೋಗುವ ಭಾಗವನ್ನು ನಿವೃತ್ತ ಮೇಷ್ಟರೊಬ್ಬರು ಗಟ್ಟಿಯಾಗಿ ಓದಿದರು. ಓದಿ ಮುಗಿಸುವಾಗ ಅವರ ಗಂಟಲು ಕಟ್ಟಿತ್ತು. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ಹುಡುಗಿ ಸುಮ್ಮನಿರಲಿಲ್ಲ. “ನನಗೂ ಅಳು ಬಂತು ಮೇಷ್ಟ್ರೇ, ಇಲ್ಲ ಅನ್ನಲ್ಲ. ಆದರೆ ಇಷ್ಟು ದೊಡ್ಡ ಪುಸ್ತಕದಲ್ಲಿ ಎಷ್ಟು ಜನ ಕಷ್ಟಪಟ್ಟರು, ಸತ್ತರು. ನಾವು ಅತ್ತಿದ್ದು ನಾಯಿಗೆ ಮಾತ್ರ ಯಾಕೆ?” ಮೇಷ್ಟರು ಕನ್ನಡಕ ತೆಗೆದು ಒರೆಸಿಕೊಂಡರು. “ಅದನ್ನೇ ಕೇಳಬೇಕಿತ್ತಮ್ಮ. ಮನುಷ್ಯರಿಗಿಂತ ನಾಯಿ ಮುಖ್ಯ ಅಂತ ಕುವೆಂಪು ಹೇಳಲಿಲ್ಲ. ನಾಯಿಯೂ ಮುಖ್ಯ ಅಂದರು. ಮನುಷ್ಯರಿಗೆ ಅಳದೆ ಹೋದದ್ದು ನಮ್ಮ ಅಭ್ಯಾಸ.” ಈ ಕಾದಂಬರಿಯ ಮೇಲೆ ಬಂದ ವಿಮರ್ಶೆಗಳನ್ನು ನಾನೂ ಅಷ್ಟಿಷ್ಟು ಓದಿದ್ದೇನೆ. ಆ ಹುಡುಗಿಯ ಪ್ರಶ್ನೆ ಅವುಗಳಲ್ಲಿ ಕಂಡಿರಲಿಲ್ಲ.

ಕನ್ನಡ ಕಾದಂಬರಿಗೆ ಇಂಥ ಓದುಗರ ಒಡನಾಟ ಹೊಸದೇನಲ್ಲ. ಗಳಗನಾಥರು ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ಯಲ್ಲಿ ಕಾದಂಬರಿಗಳನ್ನು ಕಂತುಗಳಲ್ಲಿ ಬರೆದರು, ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ತನ್ನ ಓದುಗನ ಮುಖವನ್ನು ಅಷ್ಟು ಹತ್ತಿರದಿಂದ ಕಂಡ ಲೇಖಕರು ಕಡಿಮೆ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದ್ದು ಚಂದಾದಾರರನ್ನು ನಂಬಿ. ಗ್ರಂಥಮಾಲೆಯ ‘ಅಟ್ಟ’ ಹತ್ತಿದವರು ಸಾಹಿತಿಗಳೇ ಆಗಿರಬೇಕೆಂದಿರಲಿಲ್ಲ. ಅಲ್ಲಿಯ ಮಾತುಕತೆಯ ಖ್ಯಾತಿ ಇಂದಿಗೂ ಇದೆ.

ಅ.ನ. ಕೃಷ್ಣರಾಯರ ಕಾಲಕ್ಕೆ ಮಾತು ಜಗಳವಾಯಿತು. ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಅಶ್ಲೀಲವೋ ಅಲ್ಲವೋ ಎಂಬ ಗದ್ದಲ ಎಷ್ಟು ಏರಿತೆಂದರೆ, ಅನಕೃ ಉತ್ತರವಾಗಿ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆಯಬೇಕಾಯಿತು. ಬಯ್ದವರೂ ಅವರ ಮುಂದಿನ ಕಾದಂಬರಿಗೆ ಕಾಯುತ್ತಿದ್ದರು ಎನ್ನುವುದು ಬೇರೆ ಮಾತು.

ಸರ್ಕ್ಯುಲೇಟಿಂಗ್ ಲೈಬ್ರರಿಗಳ ಪಾಲನ್ನು ಇಲ್ಲಿ ಮರೆಯುವಂತಿಲ್ಲ. ದಿನಕ್ಕಿಷ್ಟು ಬಾಡಿಗೆ ಕೊಟ್ಟು ತಂದ ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ, ಉಷಾ ನವರತ್ನರಾಂ, ಟಿ.ಕೆ. ರಾಮರಾವ್ ಅವರ ಪುಸ್ತಕ ಹಿಂದಿರುಗುವ ಮುನ್ನ ವಠಾರದ ನಾಲ್ಕು ಮನೆ ಸುತ್ತುತ್ತಿತ್ತು. ಮಧ್ಯಾಹ್ನ ಅಕ್ಕಿ ಆರಿಸುತ್ತಾ ಹೆಂಗಸರು ನಡೆಸಿದ ಚರ್ಚೆಯನ್ನು ಯಾರೂ ಬರೆದಿಡಲಿಲ್ಲ. ‘ಶರಪಂಜರ’ದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಬಂದ ಮೇಲೂ ಮನೆಯವರು ಅವಳನ್ನು ಹುಚ್ಚಿಯಂತೆಯೇ ನೋಡುವ ಸಂಕಟವನ್ನು ಆ ಓದುಗರಿಗೆ ವಿಮರ್ಶಕರು ಬಂದು ವಿವರಿಸಬೇಕಾಗಿರಲಿಲ್ಲ. ತ್ರಿವೇಣಿ 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಅವರನ್ನು ‘ಜನಪ್ರಿಯ’ ಎಂಬ ಪಟ್ಟಿಗೆ ಸೇರಿಸಿ ಪಕ್ಕಕ್ಕಿಟ್ಟ ಕಾಲದಲ್ಲಿ ಉಳಿಸಿಕೊಂಡವರು ಈ ವಠಾರದ ಓದುಗರೇ.

ಇನ್ನು 1965. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’, ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ ಎರಡೂ ಹೊರಬಂದ ವರ್ಷ. ಕೂಟ ಕಟ್ಟಬೇಕೆನ್ನುವವರಿಗೆ ನನ್ನ ಸಲಹೆ, ಇವೆರಡನ್ನೂ ಒಟ್ಟಿಗೇ ಓದಿ. ಎರಡರಲ್ಲೂ ಶಾಸ್ತ್ರ ಬಲ್ಲ ಗೌರವಸ್ಥನೊಬ್ಬನ ಕಾಲ ಕೆಳಗಿನ ನೆಲ ಕುಸಿಯುತ್ತದೆ. ಪ್ರಾಣೇಶಾಚಾರ್ಯರು ಊರಿಗೆ ಹಿಂದಿರುಗಿ ನಡೆದದ್ದನ್ನು ಹೇಳುತ್ತಾರೋ ಇಲ್ಲವೋ ಎಂದು ‘ಸಂಸ್ಕಾರ’ ಹೇಳುವುದಿಲ್ಲ. ಹೇಳುತ್ತಾರೆ ಎಂದು ಪಟ್ಟು ಹಿಡಿಯುವವರೂ, ಅಗ್ರಹಾರದ ಬಾಗಿಲಲ್ಲಿ ಮತ್ತೆ ಹಿಂಜರಿಯುತ್ತಾರೆ ಎನ್ನುವವರೂ ಪ್ರತಿ ಕೂಟದಲ್ಲಿ ಸಿಗುತ್ತಾರೆ. ‘ವಂಶವೃಕ್ಷ’ದಲ್ಲಿ ಜಗಳ ಬೇರೆ ಥರದ್ದು. ಮರುಮದುವೆಯಾದ ಕಾತ್ಯಾಯನಿಯ ಬಸಿರು ಮತ್ತೆ ಮತ್ತೆ ಇಳಿಯುತ್ತದೆ, ಕೊನೆಗೆ ಅವಳೂ ಸಾಯುತ್ತಾಳೆ. ಇದು ಅವಳ ಮನಸ್ಸಿನೊಳಗಿನ ತಪ್ಪಿತಸ್ಥ ಭಾವದ ಫಲವೋ, ಲೇಖಕರು ಕೊಟ್ಟ ಶಿಕ್ಷೆಯೋ? ಈ ಪ್ರಶ್ನೆಗೆ ಅತ್ತೆ ಒಂದು ಉತ್ತರ, ಸೊಸೆ ಒಂದು ಉತ್ತರ ಕೊಟ್ಟದ್ದನ್ನು ಒಂದೇ ಜಮಖಾನದ ಮೇಲೆ ಕೂತು ಕೇಳಿದ್ದೇನೆ. ಸೊಸೆ ಭೈರಪ್ಪನವರ ಪರ ಇದ್ದರು!

ಕೊನೆಯನ್ನು ಬಿಡಿಸದೇ ಬಿಡುವ ಕಾದಂಬರಿಗಳೇ ಕೂಟಗಳಿಗೆ ಹಬ್ಬ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಗಾತ್ರದಲ್ಲಿ ಚಿಕ್ಕದು, ಒಂದೇ ಪಟ್ಟಿಗೆ ಓದಿ ಮುಗಿಸಬಹುದು. ಊರಿಗೆ ಹೋದ ಹೆಂಡತಿ ಅನಿತಾ ಏನಾದಳು ಎಂಬ ಪ್ರಶ್ನೆ ಮಾತ್ರ ಮುಗಿಯುವುದಿಲ್ಲ. ಮೊದಲ ಓದಿನಲ್ಲಿ ಸುಳಿವು ಕಾಣದವರು ಮನೆಗೆ ಹೋಗಿ ಇರುವೆ ಕೊಲ್ಲುವ ಭಾಗವನ್ನು ಮತ್ತೆ ಓದುತ್ತಾರೆ, ಮುಂದಿನ ತಿಂಗಳು ಬೇರೆ ಮುಖ ಹೊತ್ತು ಬರುತ್ತಾರೆ. ವಸುಧೇಂದ್ರರ ‘ತೇಜೋ ತುಂಗಭದ್ರಾ’ ಬಂದ ಮೇಲೆ ಇತ್ತೀಚಿನ ವರ್ಷಗಳಲ್ಲಿ ಹುಡುಗರೂ ಕೂಟಗಳತ್ತ ತಲೆ ಹಾಕುತ್ತಿದ್ದಾರೆ. ಲಿಸ್ಬನ್ನಿನಿಂದ ವಿಜಯನಗರದವರೆಗೆ ಹಬ್ಬಿದ ಆ ಕಥೆಯಲ್ಲಿ ಚರಿತ್ರೆ ಎಷ್ಟು, ಕಲ್ಪನೆ ಎಷ್ಟು ಎಂದು ಮೊಬೈಲು ತೆಗೆದು ಹುಡುಕುವುದರಲ್ಲೇ ಅರ್ಧ ಗಂಟೆ ಕಳೆಯುತ್ತದೆ.

ಎಲ್ಲ ಚರ್ಚೆಯೂ ಕಾದಂಬರಿಯ ಚರ್ಚೆಯಾಗಿರುತ್ತದೆ ಎಂದೇನೂ ಅಲ್ಲ. 2007ರಲ್ಲಿ ಭೈರಪ್ಪನವರ ‘ಆವರಣ’ ಬಂದಾಗ ಪ್ರತಿಗಳಿಗೆ ನೂಕುನುಗ್ಗಲಾಯಿತು, ಮುದ್ರಣದ ಮೇಲೆ ಮುದ್ರಣವಾಯಿತು, ಪರ-ವಿರೋಧದ ಲೇಖನಗಳು ಪುಸ್ತಕಗಳಾಗಿಯೂ ಬಂದವು. ಓದದೆಯೇ ಪರ ನಿಂತವರು ಎಷ್ಟೋ, ಓದದೆಯೇ ವಿರೋಧಿಸಿದವರೂ ಅಷ್ಟೇ. ಪುಟ ತೋರಿಸಿ ಎಂಬ ಕಟ್ಟುಪಾಡು ಆಗ ನಾಡಿಗೆಲ್ಲ ಇದ್ದಿದ್ದರೆ ಗದ್ದಲ ಅರ್ಧಕ್ಕೆ ಇಳಿಯುತ್ತಿತ್ತು, ಉಳಿದರ್ಧ ಕೇಳುವಂತಿರುತ್ತಿತ್ತು.

ಪುಸ್ತಕ ಬಿಡುಗಡೆಯ ಸಭೆಗಳಿಗೂ ಈ ಮಾತು ಸಲ್ಲುತ್ತದೆ. ಶಾಲು, ಹಾರ, ಬಣ್ಣದ ಕಾಗದ ಬಿಚ್ಚಿ ಪುಸ್ತಕ ಎತ್ತಿ ಹಿಡಿದು ಫೋಟೊ. ಮುಖ್ಯ ಅತಿಥಿಗಳು ‘ಸಮಯದ ಅಭಾವದಿಂದ ಪೂರ್ತಿ ಓದಲಾಗಿಲ್ಲ, ಆದರೂ ಇದೊಂದು ಮಹತ್ವದ ಕೃತಿ’ ಎಂದು ಹೇಳಿ ಕಾರು ಹತ್ತುತ್ತಾರೆ. ಕನ್ನಡದಲ್ಲಿ ಕಾದಂಬರಿಯ ಬಗ್ಗೆ ಅತಿ ಹೆಚ್ಚು ಸುಳ್ಳು ಹೇಳುವ ಜಾಗ ಯಾವುದೆಂದು ಕೇಳಿದರೆ ನಾನು ಈ ವೇದಿಕೆಗಳತ್ತಲೇ ಕೈ ತೋರಿಸುತ್ತೇನೆ. ಲೇಖಕರಿಗೂ ಇದು ಗೊತ್ತು. ಕೂಟಕ್ಕೆ ಬಂದ ಕಾದಂಬರಿಕಾರರೊಬ್ಬರು ಮೊದಲ ಒಂದು ಗಂಟೆ ಮೂಲೆಯಲ್ಲಿ ಬಾಯಿ ಬಿಡದೆ ಕೂತಿದ್ದರು. ಲೇಖಕರು ಮೊದಲು ಕೇಳಬೇಕು, ಆಮೇಲೆ ಮಾತಾಡಬೇಕು ಎಂಬುದು ಅಲ್ಲಿಯ ಪದ್ಧತಿ. ತಮ್ಮ ನಾಯಕಿಯ ಮಗುವಿನ ವಯಸ್ಸು ನಡುವೆ ಎರಡು ವರ್ಷ ತಪ್ಪಿದೆ ಎಂದು ನಿವೃತ್ತ ಬ್ಯಾಂಕ್ ಗುಮಾಸ್ತರೊಬ್ಬರು ಲೆಕ್ಕ ಹಾಕಿ ತೋರಿಸಿದಾಗ ಅವರು ನಕ್ಕು, ಪುಟದ ಸಂಖ್ಯೆ ಬರೆದುಕೊಂಡು ಹೋದರು. ಮುಂದಿನ ಮುದ್ರಣದಲ್ಲಿ ಮಗು ಸರಿಯಾಗಿ ಬೆಳೆದಿತ್ತು.

ಕೂಟ ಸಾಯುವುದು ಹೇಗೆಂದೂ ಹೇಳಿಬಿಡುತ್ತೇನೆ. ಒಬ್ಬರೇ ಮಾತಾಡತೊಡಗಿದರೆ ಆರು ತಿಂಗಳಲ್ಲಿ ಸಾಯುತ್ತದೆ. ಸದಸ್ಯರು ತಾವೇ ಬರೆದ ಕಾದಂಬರಿ ತರತೊಡಗಿದರೆ ಇನ್ನೂ ಬೇಗ. ಪುಸ್ತಕ ಸಿಗದೆಯೂ ಸಾಯುತ್ತದೆ: ಎಂಟು ಜನರಿಗೆ ಒಂದೇ ಪ್ರತಿ, ಅದೂ ಮುದ್ರಣದಲ್ಲಿಲ್ಲದ್ದು. ಇದಕ್ಕೆ ಪರಿಹಾರ ನಮ್ಮ ಊರಿನಲ್ಲೇ ಇದೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದದ್ದೂ ಅದೇ 1965ರಲ್ಲಿ. ಆಸ್ತಿ ತೆರಿಗೆ ಕಟ್ಟುವಾಗ ಅದರ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಗರವಾಸಿಗಳು ಕಟ್ಟುತ್ತಲೇ ಇದ್ದಾರೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ದಿನಪತ್ರಿಕೆ ಓದುವವರು ಎದ್ದು ಹೋದ ಮೇಲೆ ಅಲ್ಲಿಯ ಮೇಜು, ಕುರ್ಚಿಗಳು ಖಾಲಿಯೇ ಇರುತ್ತವೆ.

ಈ ವಾರ ಗ್ರಂಥಪಾಲಕರನ್ನು ಒಮ್ಮೆ ಕೇಳಿ ನೋಡಿ. ತಿಂಗಳಿಗೊಂದು ಸಂಜೆ ಎರಡು ಗಂಟೆ ಜಾಗ ಕೊಡಿ, ಒಂದು ಕಾದಂಬರಿಯ ಐದಾರು ಪ್ರತಿ ಒಟ್ಟುಮಾಡಿಕೊಡಿ ಎನ್ನಿ. ಮೊದಲ ಸಲಕ್ಕೆ ತೇಜಸ್ವಿಯವರ ‘ಕರ್ವಾಲೊ’ ಇರಲಿ. ತೆಳುವಾದ ಪುಸ್ತಕ, ಯಾವ ವಯಸ್ಸಿನವರೂ ಕೈಬಿಡುವುದಿಲ್ಲ. ಕೊನೆಯಲ್ಲಿ ಆ ಹಾರುವ ಓತಿ ಕೈಗೆ ಸಿಗದೆ ಹೋದದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂದು ಕೇಳಿಬಿಟ್ಟರೆ ಎರಡು ಗಂಟೆ ಸಾಲುವುದಿಲ್ಲ. ನಾಲ್ಕೇ ಜನ ಬಂದರೂ ಶುರುಮಾಡಿ.