ಅಂಗಡಿ ಕಂಪ್ಯೂಟರ್ ಬ್ಯಾಕಪ್‌ಗೆ ಎಷ್ಟು ಜಿಬಿ ಬೇಕು? ಡಿಸ್ಕ್ ತಗೊಳ್ಳೋ ಮುಂಚೆ ಈ ಲೆಕ್ಕ ನೋಡಿ

ತಿಂಗಳ 20ರೊಳಗೆ ಜಿಎಸ್‌ಟಿ ರಿಟರ್ನ್ ಹಾಕಬೇಕು. 18ಕ್ಕೆ ಅಂಗಡಿ ಕಂಪ್ಯೂಟರ್ ಆನ್ ಆಗಲ್ಲ. ಹಾರ್ಡ್ ಡಿಸ್ಕ್ ಹೋಗಿದೆ ಅಂತಾರೆ ರಿಪೇರಿಯವರು. ಹೊಸ ಡಿಸ್ಕ್ ದುಡ್ಡು ಕೊಟ್ಟರೆ ಸಿಗುತ್ತೆ, ಉದ್ರಿ ಲೆಕ್ಕ, ಸ್ಟಾಕ್, ಹಳೇ ಬಿಲ್ ಸಿಗಲ್ಲ. ಜಿಎಸ್‌ಟಿ ಕಾಯ್ದೆ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೇ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಲೇಬೇಕು.

ಅದಕ್ಕೇ ಬ್ಯಾಕಪ್ ಬೇಕು. ಆದರೆ ಎಷ್ಟು ಜಿಬಿ ಡಿಸ್ಕ್ ತರಬೇಕು ಅನ್ನೋದೇ ಹಲವರಿಗೆ ಗೊಂದಲ.

ಎರಡು ಬಗೆಯ ಬ್ಯಾಕಪ್

ಫೈಲ್ ಬ್ಯಾಕಪ್ ಅಂದ್ರೆ ಖಾತೆ ಪುಸ್ತಕದ ಜೆರಾಕ್ಸ್ ಇದ್ದಂತೆ. ಬೇಕಾದ ಫೋಲ್ಡರ್ ಮಾತ್ರ ನಕಲಾಗುತ್ತೆ. ಸಣ್ಣ ಅಂಗಡಿಯ ಲೆಕ್ಕದ ಫೋಲ್ಡರ್‌ಗೆ ಸಾಮಾನ್ಯವಾಗಿ ಒಂದು ಪೆನ್‌ಡ್ರೈವ್ ಸಾಕು.

ಸಿಸ್ಟಂ ಇಮೇಜ್ ಅಂದ್ರೆ ವಿಂಡೋಸ್, ಬಿಲ್ಲಿಂಗ್ ಸಾಫ್ಟ್‌ವೇರ್, ನುಡಿ, ಪ್ರಿಂಟರ್ ಸೆಟ್ಟಿಂಗ್, ಫೈಲು ಎಲ್ಲ ಸೇರಿ ಡ್ರೈವ್‌ನ ಪೂರ್ತಿ ನಕಲು. ಡಿಸ್ಕ್ ಕೆಟ್ಟರೂ ಮತ್ತೆ ಒಂದೊಂದೇ ಇನ್‌ಸ್ಟಾಲ್ ಮಾಡೋ ಗೋಜಿಲ್ಲ. ವಿಂಡೋಸ್‌ನಲ್ಲೇ ಇರುವ ಸಿಸ್ಟಂ ಇಮೇಜ್ ಸೌಲಭ್ಯ ಪೆನ್‌ಡ್ರೈವ್ ಒಪ್ಪಲ್ಲ, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಬೇಕು.

ಲೆಕ್ಕ ಹೀಗೆ

ಇಮೇಜ್‌ಗೆ ಡ್ರೈವ್‌ನ ಒಟ್ಟು ಅಳತೆಯಷ್ಟು ಜಾಗ ಬೇಕಿಲ್ಲ, ತುಂಬಿರುವಷ್ಟು ಸಾಕು. 'ದಿಸ್ ಪಿಸಿ' ತೆರೆದು ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ, 'ಪ್ರಾಪರ್ಟೀಸ್'ನಲ್ಲಿ 'ಯೂಸ್ಡ್ ಸ್ಪೇಸ್' ನೋಡಿ.

ಉದಾಹರಣೆಗೆ, 256 ಜಿಬಿ ಎಸ್‌ಎಸ್‌ಡಿಯಲ್ಲಿ 90 ಜಿಬಿ ತುಂಬಿದೆ ಅನ್ನಿ. ಇಮೇಜ್ ಸುಮಾರು 90 ಜಿಬಿ ಆಗುತ್ತೆ. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ ಎರಡು ಇಮೇಜ್ ಇಟ್ಟರೆ 180. ಡಿ ಡ್ರೈವ್‌ನ ಬಿಲ್, ಫೋಟೊ 100 ಜಿಬಿ. ಒಟ್ಟು 280. ಮುಂದೆ ಫೈಲ್ ಬೆಳೆಯುತ್ತೆ, ಅದಕ್ಕೂ ಜಾಗ ಬಿಡಬೇಕು. ಇಂಥವರಿಗೆ 500 ಜಿಬಿ ಡಿಸ್ಕ್ ಸಾಕು. ಮದುವೆ ಫೋಟೊ, ವಿಡಿಯೋ ಇಡೋ ಸ್ಟುಡಿಯೋದವರಿಗೆ 1 ಟಿಬಿಯೂ ಸಾಲದೆ ಹೋಗಬಹುದು.

500 ಜಿಬಿ ಡಿಸ್ಕ್ ಹಾಕಿದಾಗ 465 ಅಂತ ತೋರಿಸಿದ್ರೆ ಮೋಸ ಹೋದೆವು ಅನ್ಕೋಬೇಡಿ. ಕಂಪನಿ 1 ಜಿಬಿಗೆ 1,000 ಎಂಬಿ ಲೆಕ್ಕ ಹಿಡಿಯುತ್ತೆ, ವಿಂಡೋಸ್ 1,024 ಹಿಡಿಯುತ್ತೆ. ವ್ಯತ್ಯಾಸ ಇಷ್ಟೇ.

ಇಲ್ಲಿ ಎಚ್ಚರ

ವಿಂಡೋಸ್ ಇಮೇಜನ್ನು ವಾಪಸ್ ಹಾಕುವಾಗ ಹೊಸ ಡಿಸ್ಕ್ ಹಳೇದರಷ್ಟು ಅಥವಾ ಅದಕ್ಕಿಂತ ದೊಡ್ಡದಿರಬೇಕು. 500 ಜಿಬಿ ಹಾರ್ಡ್ ಡಿಸ್ಕ್ ಹೋಯ್ತು ಅಂತ 256 ಜಿಬಿ ಎಸ್‌ಎಸ್‌ಡಿ ತಂದರೆ, ಡೇಟಾ ಬರೀ 90 ಜಿಬಿ ಇದ್ದರೂ ಇಮೇಜ್ ಕೂರಲ್ಲ.

ಅದೇ ಕಂಪ್ಯೂಟರಿನ ಡಿ ಡ್ರೈವ್‌ಗೆ ಕಾಪಿ ಮಾಡಿದರೆ ಬ್ಯಾಕಪ್ ಆಗಲ್ಲ. ಸಿ, ಡಿ ಎರಡೂ ಒಂದೇ ಡಿಸ್ಕ್‌ನ ಭಾಗವಾಗಿದ್ದರೆ ಒಟ್ಟಿಗೇ ಹೋಗುತ್ತವೆ. ಬ್ಯಾಕಪ್ ಮುಗಿದ ಮೇಲೆ ಎಕ್ಸ್‌ಟರ್ನಲ್ ಡಿಸ್ಕ್ ಕಳಚಿ ಮನೆಯಲ್ಲಿಡಿ. ಚುಚ್ಚಿಯೇ ಬಿಟ್ಟರೆ ವೈರಸ್ ಅದಕ್ಕೂ ಹಬ್ಬಬಹುದು.

ಇಮೇಜ್ ತಿಂಗಳಿಗೊಮ್ಮೆ ಸಾಕು. ಲೆಕ್ಕದ ಫೋಲ್ಡರ್ ಮಾತ್ರ ದಿನಾ ಸಂಜೆ ಬಾಗಿಲು ಹಾಕೋ ಮುಂಚೆ ಕಾಪಿ ಆಗಲಿ.