ಸಾವಿನ ಮುಂಗುರುಹು

ನಾಟಕದಲ್ಲಿ ಮುಂದಾಗುವುದರ ಸೂಚನೆಯನ್ನು ನಮ್ಮ ಲಾಕ್ಷಣಿಕರು ಪತಾಕಾಸ್ಥಾನಕವೆಂದರು. ಸಣ್ಣ ಕಥೆಯಲ್ಲಿಯೂ ಇದುಂಟು. ರಷ್ಯಾ ದೇಶದ ಟಾಲ್‌ಸ್ಟಾಯ್ ಮಹಾಶಯರು 1886ರಲ್ಲಿ ಪ್ರಕಟಿಸಿದ ‘ಮನುಷ್ಯನಿಗೆ ಎಷ್ಟು ಭೂಮಿ ಬೇಕು?’ ಎಂಬುದನ್ನು ವಾಚಕರು ನೋಡಬೇಕು. ಸೂರ್ಯಾಸ್ತದೊಳಗೆ ಸುತ್ತಿ ಬಂದಷ್ಟು ನೆಲವು ಸಾವಿರ ರೂಬಲ್ಲಿಗೆ ತನ್ನದಾಗುವುದೆಂದು ಒಪ್ಪಂದವಾದ ರಾತ್ರಿ, ರೈತ ಪಾಹೋಮನು ಕನಸು ಕಾಣುವನು: ಸೈತಾನನು ನಗುತ್ತಿರುವನು, ಎದುರಿಗೆ ಬರಿಗಾಲಿನ ಶವ, ನೋಡಿದರೆ ಅದು ತಾನೇ! ಎಚ್ಚತ್ತು ಅವನು ಅದನ್ನು ತಳ್ಳಿಹಾಕುವನು. ಓದುವ ನಾವೂ ಮರೆಯುವೆವು.

ಮರುದಿನ ಬಿಸಿಲೇರಲು ಅವನು ಬೂಟುಗಳನ್ನು ಕಳಚಿ ನಡೆಯುವನು. ಎಷ್ಟು ಸಹಜವಾದ ಕೆಲಸ! ಮೊದಲ ಓದಿನಲ್ಲಿ ನಾವಿದನ್ನು ಲಕ್ಷಿಸಲಿಲ್ಲ. ಪಾಠ ಹೇಳಿ ತಲೆ ನರೆತವರಿಗೆ ಇದು ನಾಚಿಕೆಯೇ ಸರಿ. ಎರಡನೆಯ ಸಲ ಆ ಬರಿಗಾಲನ್ನು ಕಂಡು ಎದೆ ಝಲ್ಲೆಂದಿತು. ಕೊನೆಗೆ ಓಡುವಾಗ ಕೋಟು, ಬೂಟು, ಟೋಪಿಗಳನ್ನು ಎಸೆದರೂ ಸಲಿಕೆಯನ್ನು ಮಾತ್ರ ಅವನು ಬಿಡನು. ಅವನ ಆಳು ಗೋರಿ ತೋಡಿದುದು ಅದರಿಂದಲೇ.