ಕೋರ್ಸ್ ಬದಲಿಸುವ ಮುನ್ನ: ಮಕ್ಕಳೂ ಪೋಷಕರೂ ಕೂತು ಮಾಡಬೇಕಾದ ಲೆಕ್ಕ



ವಿದ್ಯಾರ್ಥಿವೇತನದ ಅರ್ಜಿಯಲ್ಲಿ ‘ಹಿಂದಿನ ವರ್ಷದ ಫಲಿತಾಂಶ’ ಎಂಬ ಒಂದು ಕಾಲಂ ಇದೆ. ಸಾಲಗುಂದ ಮತ್ತು ಸುತ್ತಲಿನ ಹಳ್ಳಿಗಳಿಂದ ಬರುವ ಅರ್ಜಿಗಳಲ್ಲಿ ಕೆಲವೊಮ್ಮೆ ಅದೊಂದೇ ಕಾಲಂ ಖಾಲಿ ಉಳಿದಿರುತ್ತದೆ. ಕರೆದು ಕೇಳಿದರೆ ತಂದೆ ತಲೆ ತಗ್ಗಿಸುತ್ತಾರೆ, ಮಗ ಮಾತಾಡುವುದಿಲ್ಲ. ನಿಧಾನವಾಗಿ ವಿಷಯ ಹೊರಬರುತ್ತದೆ: ಹುಡುಗ ಇಂಜಿನಿಯರಿಂಗ್ ಬಿಟ್ಟು ಮನೆಗೆ ಬಂದು ಆರು ತಿಂಗಳಾಗಿದೆ. ಯಾರಿಗೂ ಹೇಳಿಲ್ಲ. ಹೇಳಿದರೆ ಸಹಾಯ ನಿಲ್ಲುತ್ತದೆ ಎಂಬ ಭಯ.

ಹೊಂದದ ಕೋರ್ಸನ್ನು ಬಿಡುವುದು ಅಪರಾಧವಲ್ಲ. ಆದರೆ ಲೆಕ್ಕ ಹಾಕದೆ ಬಿಟ್ಟರೆ ನಷ್ಟ ದೊಡ್ಡದು. ಆ ಲೆಕ್ಕ ಹೇಗೆ ಮಾಡಬೇಕೆಂದು ಇಲ್ಲಿ ವಿವರಿಸಿದ್ದೇವೆ.

ಮೊದಲು, ಹೊಂದದಿರುವುದು ಏನು?

ವಿಷಯವೇ ಹೊಂದುತ್ತಿಲ್ಲವೋ, ಇಂಗ್ಲಿಷ್ ಕಷ್ಟವಾಗುತ್ತಿದೆಯೋ, ಹಾಸ್ಟೆಲ್ ಹಿಡಿಸುತ್ತಿಲ್ಲವೋ, ಶುಲ್ಕದ ಚಿಂತೆಯೋ? ನಾಲ್ಕಕ್ಕೂ ಮದ್ದು ಬೇರೆ ಬೇರೆ. ಹತ್ತನೇ ತರಗತಿವರೆಗೆ ಕನ್ನಡದಲ್ಲೋ ಉರ್ದುವಿನಲ್ಲೋ ಓದಿದ ಮಗು ಮೊದಲ ಸೆಮಿಸ್ಟರ್‌ನಲ್ಲಿ ಎರಡು ವಿಷಯ ಫೇಲಾದರೆ ಅದು ಕೋರ್ಸಿನ ತಪ್ಪಾಗಿರಲಿಕ್ಕಿಲ್ಲ, ಭಾಷೆಯ ತೊಡಕಾಗಿರಬಹುದು. ಮಗುವಿಗೆ ಒಂದು ಪ್ರಶ್ನೆ ಕೇಳಿ: “ಇದೇ ಪಾಠವನ್ನು ನಿನ್ನ ಮನೆಮಾತಿನಲ್ಲಿ ಹೇಳಿಕೊಟ್ಟರೆ ಓದುವ ಮನಸ್ಸಿದೆಯಾ?” ಹೌದೆಂದರೆ ಬೇಕಿರುವುದು ಟ್ಯೂಷನ್, ಟಿ.ಸಿ. ಅಲ್ಲ. “ಹೇಗೆ ಹೇಳಿಕೊಟ್ಟರೂ ಬೇಡ” ಎಂದರೆ ಮುಂದಿನ ಮಾತು.

ಯಾವ ಬಾಗಿಲು ತೆರೆದಿದೆ?

ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವರಿಗೆ ಬಿ.ಎ., ಬಿ.ಕಾಂ., ಬಿ.ಬಿ.ಎ. ಕಡೆಗೂ ದಾರಿಯಿದೆ. ಕಲೆ, ವಾಣಿಜ್ಯ ಓದಿದವರಿಗೆ ಇಂಜಿನಿಯರಿಂಗ್ ಕಡೆಗೆ ದಾರಿಯಿಲ್ಲ. ಪಿ.ಯು.ಸಿ. ಅಂಕಪಟ್ಟಿ ಹಳತಾಗುವುದಿಲ್ಲ, ಸಿಇಟಿಯನ್ನು ಮತ್ತೆ ಬರೆಯಬಹುದು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ನೇರ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಯಾವುದೇ ಪದವಿ ಇದ್ದರೂ ನಿಗದಿತ ಅಂಕವಿದ್ದರೆ ಮೂರು ವರ್ಷದ ಕಾನೂನು ಪದವಿ ಅಥವಾ ಎಂ.ಬಿ.ಎ. ಓದಬಹುದು.

ನಮ್ಮ ಭಾಗಕ್ಕೆ ಒಂದು ಅನುಕೂಲವಿದೆ. ಸಂವಿಧಾನದ 371(ಜೆ) ವಿಧಿಯಡಿ 2013ರಿಂದ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟುಗಳು ಸ್ಥಳೀಯ ಅಭ್ಯರ್ಥಿಗಳಿಗೆ ಮೀಸಲು. ಸಹಾಯಕ ಆಯುಕ್ತರು ಕೊಟ್ಟ ಅರ್ಹತಾ ಪತ್ರ ಕೈಯಲ್ಲಿದ್ದರೆ ಎರಡನೇ ಸಲ ಸೀಟು ಹುಡುಕುವಾಗಲೂ ಅದು ನೆರವಾಗುತ್ತದೆ.

ಎರಡು ಉದಾಹರಣೆ

ಗಿರೀಶ್ ಕಾಸರವಳ್ಳಿ ಅವರು ಮಣಿಪಾಲದಲ್ಲಿ ಫಾರ್ಮಸಿ ಓದಿದವರು. ಆ ಪದವಿ ಮುಗಿಸಿದ ಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. 1977ರ ‘ಘಟಶ್ರಾದ್ಧ’ ಚಿತ್ರಕ್ಕೆ ಅವರಿಗೆ ಸ್ವರ್ಣಕಮಲ ಬಂತು. ಕವಿ ಕೆ.ಎಸ್. ನಿಸಾರ್ ಅಹಮದ್ ಅವರದು ಬೇರೆ ದಾರಿ. ಅವರು ಓದಿದ್ದೂ ಕಾಲೇಜಿನಲ್ಲಿ ಕಲಿಸಿದ್ದೂ ಭೂವಿಜ್ಞಾನ; ಕಾವ್ಯ ಅದರ ಜೊತೆಗೇ ಬೆಳೆಯಿತು. ಒಬ್ಬರು ಕೈಯಲ್ಲಿದ್ದ ಪದವಿ ಮುಗಿಸಿ ತಿರುಗಿದರು, ಇನ್ನೊಬ್ಬರು ತಿರುಗಲೇ ಇಲ್ಲ. ಇಷ್ಟವಾದದ್ದನ್ನು ಮಾಡಲು ಇರುವ ಕೋರ್ಸನ್ನು ಬಿಡಲೇಬೇಕೆಂದಿಲ್ಲ. ಕೊನೆಯ ವರ್ಷದಲ್ಲಿರುವ ಮಗು ಈ ಮಾತನ್ನು ಎರಡು ಸಲ ಯೋಚಿಸಲಿ. ಮೊದಲ ವರ್ಷದಲ್ಲಿರುವ ಮಗುವಿನ ಲೆಕ್ಕ ಬೇರೆ: ಬಿಡುವುದೇ ಆದರೆ ಬೇಗ ಬಿಟ್ಟಷ್ಟೂ ನಷ್ಟ ಕಡಿಮೆ.

ಹಣ ಮತ್ತು ಕಾಗದ

ಯುಜಿಸಿಯ 2018ರ ಅಧಿಸೂಚನೆಯ ಪ್ರಕಾರ, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಸೀಟು ಬಿಟ್ಟರೆ ಪೂರ್ತಿ ಶುಲ್ಕ ವಾಪಸ್ಸು. 15 ದಿನಕ್ಕಿಂತ ಕಡಿಮೆ ಉಳಿದಿದ್ದಾಗ ಬಿಟ್ಟರೆ ಶೇ. 90. ಕೊನೆಯ ದಿನ ಕಳೆದು 15 ದಿನದೊಳಗೆ ಶೇ. 80, 30 ದಿನದೊಳಗೆ ಶೇ. 50. ಆಮೇಲೆ ಏನೂ ಇಲ್ಲ. ಕೆಲವು ವರ್ಷ ಯುಜಿಸಿ ಬೇರೆ ದಿನಾಂಕಗಳನ್ನು ಪ್ರಕಟಿಸಿದೆ. ಆಯಾ ವರ್ಷದ ಸುತ್ತೋಲೆ ನೋಡಿ. ಸಿಇಟಿ ಮೂಲಕ ಸಿಕ್ಕ ಸೀಟಿಗೆ ಕೆಇಎ ನಿಯಮ ಪ್ರತ್ಯೇಕ. ಮೂಲ ಅಂಕಪಟ್ಟಿಗಳನ್ನು ಕಾಲೇಜು ತನ್ನಲ್ಲೇ ಇಟ್ಟುಕೊಳ್ಳುವಂತಿಲ್ಲ ಎಂದೂ ಅದೇ ಅಧಿಸೂಚನೆ ಹೇಳುತ್ತದೆ. ಕೇಳುವುದನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಅರ್ಜಿ ಬರೆದು, ಸ್ವೀಕೃತಿ ಪಡೆಯಿರಿ.

‘ಅರಿವು’ ಯೋಜನೆಯ ಹಣ ಸಾಲ. ಕೋರ್ಸ್ ಬಿಟ್ಟರೂ ಸಾಲ ಉಳಿಯುತ್ತದೆ. ಸರ್ಕಾರದ ವಿದ್ಯಾರ್ಥಿವೇತನ ಪಡೆದಿದ್ದರೆ, ಅದೇ ಹಂತದ ಹೊಸ ಕೋರ್ಸಿಗೆ ಮತ್ತೆ ಸಿಗುತ್ತದೆಯೇ ಎಂದು ಅಲ್ಪಸಂಖ್ಯಾತರ ಇಲಾಖೆಯಲ್ಲಿ ಮೊದಲೇ ವಿಚಾರಿಸಿ. ಸಿಗುತ್ತದೆಂದು ನಂಬಿ ಸೇರಬೇಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಹೊಸ ಸೀಟು ಖಚಿತವಾಗುವವರೆಗೆ ಹಳೆಯ ಕಾಲೇಜಿನ ಟಿ.ಸಿ. ತೆಗೆಯಬೇಡಿ. ಎರಡರ ನಡುವೆ ಒಂದು ವರ್ಷ ಖಾಲಿಯಾದರೆ ಹುಡುಗ ಬೆಂಗಳೂರಿನ ಯಾವುದಾದರೂ ಕೆಲಸಕ್ಕೆ ಹೋಗುತ್ತಾನೆ, ಹುಡುಗಿಗೆ ಗಂಡು ನೋಡಲು ಶುರುವಾಗುತ್ತದೆ. ಓದು ನಿಲ್ಲುವುದು ಬಹುತೇಕ ಆ ಖಾಲಿ ವರ್ಷದಲ್ಲೇ.

ದಾನಿಗಳಿಗೆ ಒಂದು ಮಾತು

“ನಾವು ಕೊಟ್ಟ ಹಣ ನೀರಿಗೆ ಹಾಕಿದಂತಾಯಿತಲ್ಲ?” ಎಂದು ನೀವು ಕೇಳುವುದು ನ್ಯಾಯವೇ. ಒಂದು ವರ್ಷದ ಹಣ ಹೋಯಿತೆಂಬುದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರು ಬಲ್ಲ ಸಂಗತಿಯೊಂದಿದೆ. ನೀರು ತಲುಪುವುದಿಲ್ಲವೆಂದು ಗೊತ್ತಾದ ಹೊಲಕ್ಕೆ ಭತ್ತದ ನಾಟಿ ಮಾಡುವವರು ಯಾರೂ ಇಲ್ಲ. ಜೋಳವನ್ನೋ ಕಡಲೆಯನ್ನೋ ಬಿತ್ತುತ್ತಾರೆ. ಹೊಲವನ್ನಂತೂ ಬೀಳು ಬಿಡುವುದಿಲ್ಲ. ಮಗುವಿನ ವಿಷಯದಲ್ಲೂ ಅಷ್ಟೇ. ನಿಮ್ಮ ಹಣ ನಮ್ಮಲ್ಲಿ ಅಮಾನತ್. ಹಾಗಾಗಿ ಕೋರ್ಸ್ ಬದಲಿಸಿದವರ ಅರ್ಜಿಯನ್ನು ತಳ್ಳಿಹಾಕುವುದಿಲ್ಲ, ಕೇಳದೆ ಒಪ್ಪುವುದೂ ಇಲ್ಲ.

ಅಂಥ ವಿದ್ಯಾರ್ಥಿಗಳು ಅರ್ಜಿಯ ಜೊತೆ ಒಂದು ಪುಟದ ಪತ್ರವನ್ನು ತಮ್ಮ ಕೈಯಿಂದಲೇ ಬರೆದು ಲಗತ್ತಿಸಲಿ: ಏನು ಹೊಂದಲಿಲ್ಲ, ಹೊಸ ಕೋರ್ಸನ್ನು ಯಾಕೆ ಆರಿಸಿದೆ, ಅದನ್ನು ಓದಿದ ಯಾರನ್ನು ಭೇಟಿ ಮಾಡಿದೆ. ಹಳೆಯ ಅಂಕಪಟ್ಟಿ ಎಷ್ಟೇ ಕೆಟ್ಟದಿದ್ದರೂ ಇರಲಿ. ಪೋಷಕರು ಮಗುವಿನ ಜೊತೆಯಲ್ಲೇ ಬರಲಿ. ಮನೆಯಲ್ಲಿ ಮಶ್ವರಾ ಆಗದ ನಿರ್ಧಾರ ಹೆಚ್ಚು ದಿನ ನಿಲ್ಲುವುದಿಲ್ಲ.

ಆ ಕಾಲಂ ಖಾಲಿ ಬಿಡಬೇಡಿ. ‘ಅನುತ್ತೀರ್ಣ’ ಎಂದು ಬರೆದರೂ ಸರಿಯೇ. ಅಲ್ಲಿಂದಲೇ ಮಾತು ಶುರು ಮಾಡೋಣ.